ಎರಡು ಗೈಗರ್ ಕೊಳವೆ, ಒಂದು ಟೆಲಿಸ್ಕೋಪ್: ಮನೆಯಲ್ಲೇ ಕಾಸ್ಮಿಕ್ ಕಿರಣ ಎಣಿಸುವುದು ಹೇಗೆ?

"ಗೈಗರ್ ಕೌಂಟರ್ ತರಿಸಿದ್ದೇನೆ. ಟಿಕ್ ಟಿಕ್ ಅಂತ ಸದ್ದು ಬರುತ್ತಿದೆ. ಇದು ಆಕಾಶದಿಂದ ಬರುವ ಕಾಸ್ಮಿಕ್ ಕಿರಣವೇ ಅಲ್ವಾ?" ಈ ಪ್ರಶ್ನೆಯನ್ನು ಕೇಳದ ತಿಂಗಳಿಲ್ಲ. ಎಂಜಿನಿಯರಿಂಗ್ ಹುಡುಗರು ಕೇಳುತ್ತಾರೆ, ಹೈಸ್ಕೂಲಿನ ವಿಜ್ಞಾನ ಮೇಷ್ಟ್ರುಗಳು ಕೇಳುತ್ತಾರೆ, ಮಕ್ಕಳ ಪ್ರಾಜೆಕ್ಟಿಗಾಗಿ ಹುಡುಕುತ್ತಿರುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಅದಕ್ಕೇ ಒಂದೇ ಕಡೆ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನೇರ ಉತ್ತರ ಇಷ್ಟು: ಸ್ವಲ್ಪ ಹೌದು, ಜಾಸ್ತಿ ಅಲ್ಲ. ಗೈಗರ್ ಕೌಂಟರಿನೊಳಗೆ ಇರುವುದು ಅನಿಲ ತುಂಬಿದ ಒಂದು ಕೊಳವೆ, ವಿಕಿರಣ ಸಿಕ್ಕಾಗಲೆಲ್ಲ ಅದು ಟಿಕ್ ಅನ್ನುತ್ತದೆ. ಬೆರಳಿನಷ್ಟು ದಪ್ಪದ ಒಂದು ಗೈಗರ್ ಕೊಳವೆ ನಿಮಿಷಕ್ಕೆ ಸುಮಾರು 20ರಿಂದ 25 ಸಲ ಟಿಕ್ ಅನ್ನುತ್ತದೆ. ಅದರಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಮೇಲಿಂದ ಬಂದದ್ದು. ಉಳಿದದ್ದು ನಿಮ್ಮ ಮನೆಯ ಗೋಡೆ, ನೆಲದ ಗ್ರಾನೈಟ್, ಹಿತ್ತಲ ಮಣ್ಣು ಇವುಗಳಿಂದ ಬರುವ ವಿಕಿರಣ. ಯಾವ ಟಿಕ್ ಯಾವುದರದ್ದು ಅಂತ ಒಂದೇ ಕೊಳವೆಯಿಂದ ತಿಳಿಯುವುದಿಲ್ಲ. ಕೊಳವೆ ಎರಡಿದ್ದರೆ ತಿಳಿಯುತ್ತದೆ. ಈ ಲೇಖನ ಇರುವುದೇ ಆ ಎರಡನೇ ಕೊಳವೆಯ ಬಗ್ಗೆ.

ಮೊದಲು ಮೂರು ಪದ ತಿಳಿದುಕೊಳ್ಳಿ

ಕಾಸ್ಮಿಕ್ ಕಿರಣ: ಹೆಸರು ಕಿರಣ ಅಂತಿದ್ದರೂ ಇವು ಬೆಳಕಿನ ಕಿರಣಗಳಲ್ಲ, ಕಣಗಳು. ಬಾಹ್ಯಾಕಾಶದಿಂದ ಅಗಾಧ ವೇಗದಲ್ಲಿ ಬರುತ್ತವೆ. ಹೆಚ್ಚಿನವು ಪ್ರೋಟಾನ್‌ಗಳು. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಕಿಲೋಮೀಟರಿಗೂ ಎತ್ತರಕ್ಕೆ ಹೋಗಿ ಅಳೆದರು. ಮೇಲೆ ಹೋದಂತೆ ವಿಕಿರಣ ಹೆಚ್ಚುತ್ತದೆ ಅಂತ ಕಂಡದ್ದರಿಂದ ಇವುಗಳ ಇರವು ಗೊತ್ತಾಯಿತು.

ಮ್ಯೂಆನ್: ಆ ಕಣಗಳು ಮೇಲಿನ ವಾತಾವರಣದ ಗಾಳಿಗೆ ಬಡಿದಾಗ ಹುಟ್ಟುವ ಮರಿಕಣಗಳಲ್ಲಿ ಒಂದು. ಎಲೆಕ್ಟ್ರಾನಿನ ಅಣ್ಣ ಅಂದುಕೊಳ್ಳಿ. ತೂಕ ಸುಮಾರು 207 ಪಟ್ಟು ಜಾಸ್ತಿ. ಹದಿನೈದು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಹುಟ್ಟಿ, ನಿಮ್ಮ ತಾರಸಿ, ನೀವು, ನೆಲ ಎಲ್ಲವನ್ನೂ ತೂರಿಕೊಂಡು ಹೋಗುತ್ತದೆ. ನಿಮ್ಮ ಅಂಗೈಯನ್ನು ಆಕಾಶಕ್ಕೆ ಚಾಚಿದರೆ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಹಾದುಹೋಗುತ್ತದೆ. ಮನೆಯಲ್ಲಿ ನಾವು ಹಿಡಿಯುವುದು ಇದನ್ನೇ.

ಜೋಡಿ ಎಣಿಕೆ: ಒಂದರ ಮೇಲೊಂದು ಇಟ್ಟ ಎರಡು ಕೊಳವೆಗಳು ಒಂದೇ ಕ್ಷಣದಲ್ಲಿ ಟಿಕ್ ಅಂದರೆ ಮಾತ್ರ ಅದನ್ನು ಎಣಿಸುವುದು. ಮ್ಯೂಆನ್ ಎರಡನ್ನೂ ತೂರಿ ಹೋಗುತ್ತದೆ, ಎರಡೂ ಕೂಗುತ್ತವೆ. ಮಣ್ಣಿನಿಂದ ಬರುವ ಗಾಮಾ ಕಿರಣ ಹಾಗಲ್ಲ. ಇಂಥ ಕೊಳವೆಗೆ ಗಾಮಾ ಸಿಕ್ಕುವುದೇ ನೂರರಲ್ಲಿ ಒಂದು ಸಲ. ಅದೇ ಗಾಮಾ ಎರಡರಲ್ಲೂ ಸಿಕ್ಕುವುದು ಹತ್ತು ಸಾವಿರದಲ್ಲಿ ಒಂದು. ಹೀಗೆ ನೆಲದ ಗದ್ದಲ ತಾನಾಗಿ ಕಳಚಿಕೊಳ್ಳುತ್ತದೆ.

ಎರಡು ಕೊಳವೆಗಳನ್ನು ಜೋಡಿಸುವ ರೇಖೆ ಯಾವ ಕಡೆಗಿದೆಯೋ ಆ ದಿಕ್ಕಿನಿಂದ ಬಂದ ಕಣ ಮಾತ್ರ ಎಣಿಕೆಗೆ ಬರುತ್ತದೆ. ಅದಕ್ಕೇ ಇದಕ್ಕೆ ಟೆಲಿಸ್ಕೋಪ್ ಅಂತ ಹೆಸರು. ಲೆನ್ಸ್ ಇಲ್ಲ, ಕನ್ನಡಿ ಇಲ್ಲ. 1929ರಲ್ಲಿ ಜರ್ಮನಿಯಲ್ಲಿ ಬೋಟೆ ಮತ್ತು ಕೋಲ್‌ಹ್ಯೋರ್‌ಸ್ಟರ್ ಮಾಡಿದ್ದು ಇದನ್ನೇ. ಎರಡು ಕೊಳವೆಗಳ ನಡುವೆ ಅವರು ನಾಲ್ಕು ಸೆಂಟಿಮೀಟರ್ ದಪ್ಪದ ಚಿನ್ನದ ಗಟ್ಟಿ ಇಟ್ಟರು. ಹೆಚ್ಚಿನ ಕಣಗಳು ಅದನ್ನೂ ದಾಟಿ ಬಂದವು. ನಮಗೆ ಚಿನ್ನ ಬೇಡ.

ಗಾಮಾ ಕಿರಣದ ಟೆಲಿಸ್ಕೋಪ್ ಮಾಡಬಹುದಾ?

ಇದು ಎರಡನೇ ಪ್ರಶ್ನೆ. ನಕ್ಷತ್ರಲೋಕದಿಂದ ಬರುವ ಗಾಮಾ ಕಿರಣ ನೆಲದವರೆಗೆ ಬರುವುದಿಲ್ಲ, ವಾತಾವರಣದಲ್ಲೇ ಮುಗಿದುಹೋಗುತ್ತದೆ. ಹಾಗೆ ಮುಗಿಯುವಾಗ ಕೆಲವೇ ನ್ಯಾನೋಸೆಕೆಂಡಿನ ನೀಲಿ ಮಿಂಚು ಹುಟ್ಟುತ್ತದೆ. ಅದಕ್ಕೆ ಚೆರೆಂಕೋವ್ ಬೆಳಕು ಅನ್ನುತ್ತಾರೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,200 ಮೀಟರಿಗೂ ಎತ್ತರದಲ್ಲಿ, ಆ ಮಿಂಚನ್ನು ಹಿಡಿಯಲೆಂದೇ ಹಗಾರ್ ಎಂಬ ಏಳು ಟೆಲಿಸ್ಕೋಪುಗಳ ಗುಂಪನ್ನು ಕಟ್ಟಿದ್ದಾರೆ. ಅದರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಪಾಲಿದೆ. ಪಕ್ಕದಲ್ಲೇ 21 ಮೀಟರ್ ಅಗಲದ ಮೇಸ್ ಟೆಲಿಸ್ಕೋಪ್ ಇದೆ. ಕತ್ತಲ ಆಕಾಶ, ದೊಡ್ಡ ಕನ್ನಡಿ, ಅತಿವೇಗದ ಎಲೆಕ್ಟ್ರಾನಿಕ್ಸ್ ಮೂರೂ ಬೇಕು. ಊರಿನ ತಾರಸಿಯಲ್ಲಿ ಆಗುವ ಕೆಲಸವಲ್ಲ. ಮನೆಯಲ್ಲಿ ನಿಮಗೆ ಸಿಗುವ ಗಾಮಾ ಕಲ್ಲು ಮಣ್ಣಿನದ್ದು: ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂಗಳದ್ದು. ಅದಕ್ಕೆ ಒಂಟಿ ಕೊಳವೆ ಸಾಕು. ಯಾರಾದರೂ "ಅಗ್ಗದ ಗಾಮಾ ಟೆಲಿಸ್ಕೋಪ್ ಕಿಟ್" ಅಂತ ಮಾರುತ್ತಿದ್ದರೆ ದುಡ್ಡು ಕೊಡುವ ಮೊದಲು ಇದನ್ನು ನೆನಪಿಡಿ.

ಏನೇನು ಬೇಕು

- ಒಂದೇ ಜಾತಿಯ ಎರಡು ಗೈಗರ್ ಕೊಳವೆ. ಹಳೆಯ ಸೋವಿಯತ್ ಮಾದರಿ ಎಸ್‌ಬಿಎಂ-20 ಅಥವಾ ಚೀನಾದ ಜೆ305. ಎರಡೂ ಸುಮಾರು 11 ಸೆಂ.ಮೀ. ಉದ್ದ, 1 ಸೆಂ.ಮೀ. ದಪ್ಪ, 400 ವೋಲ್ಟಿನ ಸುತ್ತಮುತ್ತ ಕೆಲಸ ಮಾಡುತ್ತವೆ.
- 5 ವೋಲ್ಟಿನಿಂದ 400 ವೋಲ್ಟ್ ಮಾಡಿಕೊಡುವ ಸಣ್ಣ ಬೂಸ್ಟರ್ ಮಾಡ್ಯೂಲ್. ಔಟ್‌ಪುಟ್ ಹೊಂದಿಸುವ ತಿರುಪು ಇರಲೇಬೇಕು.
- ಆರ್ಡುಯಿನೋ ಊನೋ ಅಥವಾ ನ್ಯಾನೋ ಬೋರ್ಡು. ಟಿಕ್ಕುಗಳನ್ನು ಎಣಿಸುವ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಪ್ಯೂಟರ್ ಇದು.
- ಬಿಸಿ547 ಟ್ರಾನ್ಸಿಸ್ಟರ್ ಎರಡು. ರೆಸಿಸ್ಟರುಗಳು: 4.7 ಮೆಗಾಓಮಿನವು ಎರಡು, 220 ಕಿಲೋಓಮಿನವು ಎರಡು, 10 ಕಿಲೋಓಮಿನವು ನಾಲ್ಕು, 10 ಮೆಗಾಓಮಿನವು ಹತ್ತು.
- 1 ಕಿಲೋವೋಲ್ಟ್ ತಡೆಯುವ 1 ನ್ಯಾನೋಫ್ಯಾರಡ್ ಕೆಪಾಸಿಟರ್ ಎರಡು, ಸಾಮಾನ್ಯ 100 ನ್ಯಾನೋಫ್ಯಾರಡಿನವು ಕೆಲವು.
- ಫ್ಯೂಸ್ ಕ್ಲಿಪ್, ಮಲ್ಟಿಮೀಟರ್, ಮುಚ್ಚಳವಿರುವ ಬಿಸ್ಕತ್ ಡಬ್ಬಿ, ಮರದ ಪಟ್ಟಿ.

ಕೊಳವೆ ಬಿಟ್ಟರೆ ಉಳಿದದ್ದೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತದೆ. ಕೊಳವೆಯನ್ನು ಆನ್‌ಲೈನಿನಲ್ಲೇ ತರಿಸಬೇಕು. ಎಲ್ಲ ಸೇರಿ ಆರೇಳು ಸಾವಿರ ರೂಪಾಯಿ ಇಟ್ಟುಕೊಳ್ಳಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಳವೆಗಳಿಗೇ ಹೋಗುತ್ತದೆ. ಒಂದು ಕೊಳವೆ ಒಡೆದರೆ ಅಂತ ಮೂರು ತರಿಸುವುದು ಒಳ್ಳೆಯದು.

ವಿಕಿರಣದ ಮೂಲ ಅಂತ ಏನನ್ನೂ ಹುಡುಕಬೇಡಿ. ಹಳೇ ಗಡಿಯಾರ, ಗ್ಯಾಸ್‌ಲೈಟಿನ ಮ್ಯಾಂಟಲ್ ಯಾವುದೂ ಬೇಡ. ಪರೀಕ್ಷೆಗೆ ನೆಲದ ವಿಕಿರಣವೇ ಧಾರಾಳ.

ಹಂತ 1: ಕೊಳವೆಯನ್ನು ಕೂರಿಸಿ

ಕೊಳವೆಯ ಎರಡು ತುದಿಗಳಲ್ಲಿ ಒಂದು ಪ್ಲಸ್, ಇನ್ನೊಂದು ಮೈನಸ್. ಎಸ್‌ಬಿಎಂ-20ರಲ್ಲಿ ಪ್ಲಸ್ ಗುರುತು ಮೈಮೇಲೇ ಇರುತ್ತದೆ. ಹಿಂದುಮುಂದಾದರೆ ಕೊಳವೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾಗೇ ಬಿಟ್ಟರೆ ಹಾಳಾಗುತ್ತದೆ.

ತುದಿಗಳಿಗೆ ನೇರವಾಗಿ ಬೆಸುಗೆ ಹಾಕಬೇಡಿ. ಕಾವಿಗೆ ಒಳಗಿನ ಅನಿಲದ ಸೀಲ್ ಬಿಟ್ಟುಕೊಳ್ಳುತ್ತದೆ. ಫ್ಯೂಸ್ ಕ್ಲಿಪ್ಪಿಗೆ ವೈರ್ ಬೆಸೆದು, ಆರಿದ ಮೇಲೆ ಕೊಳವೆಯನ್ನು ಅದರಲ್ಲಿ ಕೂರಿಸಿ.

ಜೆ305 ಗಾಜಿನದ್ದು. ಬೆಳಕು ಬಿದ್ದರೂ ಎಣಿಸಿಬಿಡುತ್ತದೆ. ಪೂರ್ತಿ ಕಪ್ಪು ಟೇಪ್ ಸುತ್ತಿ. ಬಿಸಿಲಲ್ಲಿ ಎಣಿಕೆ ಜಾಸ್ತಿ ಆಯ್ತು, ಇದು ಸೂರ್ಯನ ಕಾಸ್ಮಿಕ್ ಕಿರಣವಾ ಅಂತ ಕೇಳಿದ ಮೂವರ ಕೊಳವೆಗೂ ಟೇಪ್ ಇರಲಿಲ್ಲ. ಎಸ್‌ಬಿಎಂ-20 ತೆಳು ಉಕ್ಕಿನದ್ದು, ಅದಕ್ಕೆ ಈ ತೊಂದರೆ ಇಲ್ಲ. ಆದರೆ ಗೋಡೆ ಕೂದಲಿನಷ್ಟು ತೆಳು. ಒತ್ತಿ ಹಿಡಿಯಬೇಡಿ.

ಹಂತ 2: 400 ವೋಲ್ಟ್, ಜಾಗ್ರತೆಯಿಂದ

ಇಲ್ಲಿ ಆತುರ ಬೇಡ. ಈ ಮಾಡ್ಯೂಲ್ ಕೊಡುವ ಕರೆಂಟು ತೀರಾ ಕಡಿಮೆ, ಆದರೂ ಶಾಕ್ ಹೊಡೆಯುತ್ತದೆ. ಶಾಲೆಯಲ್ಲಿ ಮಾಡಿಸುವುದಾದರೆ ಈ ಭಾಗವನ್ನು ಮೇಷ್ಟ್ರೇ ಮಾಡಬೇಕು. ಆಫ್ ಮಾಡಿ ಒಂದು ನಿಮಿಷ ಕಾದು, ಆಮೇಲೆ ಮುಟ್ಟಿ. ದೊಡ್ಡ ಕೆಪಾಸಿಟರ್ ಹಾಕಿದರೆ ಇನ್ನೂ ಚೆನ್ನಾಗಿರುತ್ತದೆ ಅಂತ ಹಾಕಬೇಡಿ. ಅದರಲ್ಲಿ ಉಳಿಯುವ ಚಾರ್ಜೇ ಅಪಾಯ. 1 ನ್ಯಾನೋಫ್ಯಾರಡ್ ಸಾಕು.

ಎಲ್ಲರೂ ಎಡವುವ ಜಾಗ ಅಳತೆ. ಸಾಮಾನ್ಯ ಡಿಜಿಟಲ್ ಮೀಟರಿನ ಒಳತಡೆ ಸುಮಾರು 10 ಮೆಗಾಓಮ್. ಅದನ್ನು ನೇರ ಹಚ್ಚಿದರೆ ಮಾಡ್ಯೂಲ್ ಆ ಹೊರೆಗೆ ಕುಸಿಯುತ್ತದೆ. ನಿಜವಾಗಿ 400 ಇದ್ದದ್ದು ಮೀಟರಿನಲ್ಲಿ 300ಕ್ಕೂ ಕೆಳಗೆ ಕಾಣಬಹುದು. ಕಡಿಮೆ ಇದೆಯಲ್ಲ ಅಂತ ತಿರುಪು ತಿರುಗಿಸುತ್ತೀರಿ, ಮೀಟರ್ ತೆಗೆದ ಕೂಡಲೇ ವೋಲ್ಟೇಜ್ 500 ದಾಟುತ್ತದೆ, ಕೊಳವೆ ಹೋಗುತ್ತದೆ.

ಅದಕ್ಕೇ ಆ ಹತ್ತು ರೆಸಿಸ್ಟರುಗಳು. 10 ಮೆಗಾಓಮಿನ ಹತ್ತನ್ನು ಸಾಲಾಗಿ ಬೆಸೆದು, ಮೇಲೆ ಪ್ಲಾಸ್ಟಿಕ್ ಕೊಳವೆ ಹಾಕಿ, ಮೀಟರಿನ ಕೆಂಪು ಕಡ್ಡಿಗೆ ಜೋಡಿಸಿ. ಒಟ್ಟು 100 ಮೆಗಾಓಮ್. ಈಗ ಮೀಟರ್ ತೋರಿಸುವುದು ಹನ್ನೊಂದರಲ್ಲಿ ಒಂದು ಪಾಲು. ಮೀಟರಿನಲ್ಲಿ 36.4 ಬಂದರೆ ನಿಜವಾಗಿ 400 ವೋಲ್ಟ್. ಮಾಡ್ಯೂಲಿನ ಔಟ್‌ಪುಟ್ಟಿನಲ್ಲೇ ಅಳೆಯಿರಿ. ಮುಂದೆ ಬರುವ 4.7 ಮೆಗಾಓಮಿನ ಆಚೆ ಅಳೆದರೆ ಅಂಕಿ ತಪ್ಪುತ್ತದೆ. ಮೊದಲ ಅಳತೆಗೆ ಕೊಳವೆ ಜೋಡಿಸದೆ, ತಿರುಪನ್ನು ಕನಿಷ್ಠಕ್ಕಿಟ್ಟು 300 ವೋಲ್ಟಿಗೆ ತನ್ನಿ. ಉಳಿದದ್ದು ನಾಲ್ಕನೇ ಹಂತದಲ್ಲಿ.

ಹಂತ 3: ಟಿಕ್ಕನ್ನು ಆರ್ಡುಯಿನೋಗೆ ತಲುಪಿಸಿ

ಪ್ರತಿ ಕೊಳವೆಗೂ ಪ್ರತ್ಯೇಕವಾಗಿ ಇದನ್ನು ಮಾಡಿ. 400 ವೋಲ್ಟಿನಿಂದ 4.7 ಮೆಗಾಓಮ್ ಮೂಲಕ ಕೊಳವೆಯ ಪ್ಲಸ್‌ಗೆ ಬನ್ನಿ. ಈ ರೆಸಿಸ್ಟರ್ ಪ್ಲಸ್ ತುದಿಗೆ ಅಂಟಿಕೊಂಡಂತೆ ಇರಬೇಕು. ನಡುವೆ ಉದ್ದ ವೈರ್ ಬಂದರೆ ಅದರಲ್ಲಿ ತುಂಬಿದ ಚಾರ್ಜು ಪ್ರತಿ ಸಲವೂ ಕೊಳವೆಯೊಳಗೆ ಸುರಿಯುತ್ತದೆ, ಕೊಳವೆಯ ಆಯಸ್ಸು ತಗ್ಗುತ್ತದೆ. ಮೈನಸ್ ತುದಿಯಿಂದ 220 ಕಿಲೋಓಮ್ ಗ್ರೌಂಡಿಗೆ, ಅಂದರೆ ಇಡೀ ಸರ್ಕೀಟಿನ ಸಾಮಾನ್ಯ ಮೈನಸ್ ತಂತಿಗೆ. ಅದೇ ತುದಿಯಿಂದ 10 ಕಿಲೋಓಮ್ ಮೂಲಕ ಬಿಸಿ547ರ ಬೇಸಿಗೆ (ಬೇಸ್, ಎಮಿಟರ್, ಕಲೆಕ್ಟರ್ ಅಂದರೆ ಟ್ರಾನ್ಸಿಸ್ಟರಿನ ಮೂರು ಕಾಲುಗಳು). ಎಮಿಟರ್ ಗ್ರೌಂಡಿಗೆ. ಕಲೆಕ್ಟರಿನಿಂದ 10 ಕಿಲೋಓಮ್ 5 ವೋಲ್ಟಿಗೆ, ಮತ್ತು ಕಲೆಕ್ಟರಿನಿಂದ ನೇರ ಆರ್ಡುಯಿನೋಗೆ.

ಸುಮ್ನೆ ಇರುವಾಗ ಕಲೆಕ್ಟರಿನಲ್ಲಿ 5 ವೋಲ್ಟ್ ಇರುತ್ತದೆ. ಕಣ ಹಾದಾಗ ಕ್ಷಣಮಾತ್ರ ಸೊನ್ನೆಗೆ ಬೀಳುತ್ತದೆ. ಆ ಬೀಳುವ ಅಂಚನ್ನು ನಾವು ಎಣಿಸುತ್ತೇವೆ. ಮೇಲಿನ ಕೊಳವೆ ಪಿನ್ 2ಕ್ಕೆ, ಕೆಳಗಿನದ್ದು ಪಿನ್ 3ಕ್ಕೆ.

ಎಸ್‌ಬಿಎಂ-20ರ ಇಡೀ ಉಕ್ಕಿನ ಮೈ ಮೈನಸ್ ತುದಿಯೇ ಆಗಿರುತ್ತದೆ. ಅದು ಡಬ್ಬಿಗೆ ತಾಗಿದರೆ ಸಿಗ್ನಲ್ ಸತ್ತುಹೋಗುತ್ತದೆ. ನಡುವೆ ರಟ್ಟು ಇಡಿ.

ಹಂತ 4: ಕೊಳವೆಯ ಸಮತಟ್ಟು ಹುಡುಕಿ

ವೋಲ್ಟೇಜ್ ಏರಿಸುತ್ತಾ ಹೋದರೆ ಒಂದು ಹಂತದವರೆಗೆ ಟಿಕ್ ಇರುವುದಿಲ್ಲ. ಆಮೇಲೆ ಶುರುವಾಗಿ ಬೇಗ ಏರುತ್ತದೆ. ನಂತರ ಸುಮಾರು ನೂರು ವೋಲ್ಟಿನವರೆಗೆ ಎಣಿಕೆ ಹೆಚ್ಚು ಬದಲಾಗುವುದಿಲ್ಲ. ಆ ಸಮತಟ್ಟಾದ ಜಾಗದ ನಡುಮಧ್ಯೆ ಕೊಳವೆಯನ್ನು ನಡೆಸಬೇಕು. 320ರಿಂದ 20 ವೋಲ್ಟ್ ಮೆಟ್ಟಿಲಲ್ಲಿ ಏರಿಸಿ, ಪ್ರತಿ ಮೆಟ್ಟಿಲಲ್ಲೂ ಐದು ನಿಮಿಷ ಎಣಿಸಿ ಬರೆದಿಡಿ. ಎಸ್‌ಬಿಎಂ-20ರ ಸಮತಟ್ಟು 350ರಿಂದ 475ರವರೆಗೆ. 400ರಲ್ಲಿ ನಿಲ್ಲಿಸಿ. ಸಮತಟ್ಟಿನ ಆಚೆ ಏನಾಗುತ್ತದೆ ನೋಡೋಣ ಅಂತ ಮಾತ್ರ ಹೋಗಬೇಡಿ. ಅಲ್ಲಿ ಕೊಳವೆ ತಡೆಯಿಲ್ಲದೆ ಹೊತ್ತಿಕೊಳ್ಳುತ್ತದೆ.

ಎರಡು ಕೊಳವೆಗಳ ಎಣಿಕೆ ಒಂದೇ ಇರಬೇಕಿಲ್ಲ. ಒಂದು 21, ಇನ್ನೊಂದು 26 ಬಂದರೆ ತೊಂದರೆಯಿಲ್ಲ. ಆದರೆ ಒಂದು 22, ಇನ್ನೊಂದು 80 ಬಂದರೆ ಆ ಕೊಳವೆ ಅಥವಾ ಅದರ ಬೆಸುಗೆ ಸರಿಯಿಲ್ಲ.

ಹಂತ 5: ಚೌಕಟ್ಟು

ಮರದ ಪಟ್ಟಿಯ ಮೇಲೆ ಎರಡು ಕೊಳವೆಗಳನ್ನೂ ಸಮಾನಾಂತರವಾಗಿ, ಒಂದರ ನೇರ ಮೇಲೆ ಇನ್ನೊಂದು ಬರುವಂತೆ ಕಟ್ಟಿ. ನಡುವಿನ ಅಂತರ ಎಷ್ಟು? ಹತ್ತಿರ ಇಟ್ಟರೆ ಎಣಿಕೆ ಜಾಸ್ತಿ, ದಿಕ್ಕು ಮಸುಕು. ದೂರ ಇಟ್ಟರೆ ದಿಕ್ಕು ಸ್ಪಷ್ಟ, ಎಣಿಕೆ ತೀರಾ ಕಡಿಮೆ. ಈ ಅಳತೆಯ ಕೊಳವೆಗಳಿಗೆ ನಾನು ಲೆಕ್ಕ ಹಾಕಿದ ಪ್ರಕಾರ 5 ಸೆಂ.ಮೀ. ಅಂತರದಲ್ಲಿ ಗಂಟೆಗೆ 40ರಿಂದ 50 ಜೋಡಿ, 10 ಸೆಂ.ಮೀ.ಯಲ್ಲಿ 15ರಿಂದ 20, 20 ಸೆಂ.ಮೀ.ಯಲ್ಲಿ ನಾಲ್ಕೈದು. ಮೊದಲ ಸಲಕ್ಕೆ 10 ಸೆಂ.ಮೀ. ಇಡಿ. ಇಡೀ ಚೌಕಟ್ಟು ಕೊಳವೆಯ ಉದ್ದದ ಅಚ್ಚಿನ ಸುತ್ತ ಓರೆಯಾಗುವಂತೆ ಒಂದು ಬೋಲ್ಟ್ ಹಾಕಿ, ಪಕ್ಕದಲ್ಲಿ ಜಾಮಿತಿ ಪೆಟ್ಟಿಗೆಯ ಕೋನಮಾಪಕ ಅಂಟಿಸಿ. ಯಾಕೆ ಅಂತ ಎಂಟನೇ ಹಂತದಲ್ಲಿ ಹೇಳುತ್ತೇನೆ.

ಎಲ್ಲವನ್ನೂ ಬಿಸ್ಕತ್ ಡಬ್ಬಿಯೊಳಗೆ ಇಟ್ಟು ಡಬ್ಬಿಯನ್ನು ಗ್ರೌಂಡಿಗೆ ಸೇರಿಸಿ. ತಗಡು ಮ್ಯೂಆನ್‌ಗೆ ಲೆಕ್ಕಕ್ಕೇ ಇಲ್ಲ. ಆದರೆ ಮಿಕ್ಸಿ, ಫ್ರಿಜ್, ಇನ್ವರ್ಟರ್ ಇವುಗಳಿಂದ ಹಾರುವ ವಿದ್ಯುತ್ ಗದ್ದಲವನ್ನು ಅದು ತಡೆಯುತ್ತದೆ. ಸೀಸದ ಹಾಳೆ ಬೇಕಾ ಅಂತ ಕೇಳುತ್ತಾರೆ. ಬೇಡ. ಸೀಸ ವಿಷ, ಮೇಲಾಗಿ ಈ ಹಂತದಲ್ಲಿ ಅದರಿಂದ ಏನೂ ಲಾಭವಿಲ್ಲ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಬೋರ್ಡಿನ ಮೇಲೆ ಕೂರುವ ತೇವದಿಂದಲೇ 400 ವೋಲ್ಟ್ ಸೋರಿಹೋಗುತ್ತದೆ. ಬೆಸುಗೆಯ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಚೆನ್ನಾಗಿ ತೊಳೆಯಿರಿ, ಒಣಗಿಸಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಜೂನಿನಲ್ಲಿ ಕೆಟ್ಟು ಅಕ್ಟೋಬರಿನಲ್ಲಿ ತಾನೇ ಸರಿಯಾಗುವ ಟೆಲಿಸ್ಕೋಪಿಗೆ ಬಹುತೇಕ ಇದೇ ಕಾರಣ.

ಹಂತ 6: ಒಂದೇ ಕ್ಷಣ ಅಂದರೆ ಎಷ್ಟು?

ಈಗ ಪ್ರೋಗ್ರಾಂ. ಎರಡೂ ಪಿನ್ನುಗಳಿಗೆ ಇಂಟರಪ್ಟ್ ಹಾಕಿ. ಇಂಟರಪ್ಟ್ ಅಂದರೆ ಸಿಗ್ನಲ್ ಬಂದ ಕೂಡಲೇ ಬೋರ್ಡು ಕೈಯಲ್ಲಿರುವ ಕೆಲಸ ಬಿಟ್ಟು ಅತ್ತ ನೋಡುವ ಏರ್ಪಾಡು. ಯಾವ ಕೊಳವೆ ಟಿಕ್ ಅಂದರೂ ಆ ಹೊತ್ತನ್ನು ಮೈಕ್ರೋಸೆಕೆಂಡಿನಲ್ಲಿ ಬರೆದುಕೊಳ್ಳಬೇಕು. ಊನೋ ಬೋರ್ಡು 4 ಮೈಕ್ರೋಸೆಕೆಂಡಿನವರೆಗೆ ಗುರುತಿಸುತ್ತದೆ. ಎರಡು ಹೊತ್ತುಗಳ ನಡುವಿನ ಅಂತರ 100 ಮೈಕ್ರೋಸೆಕೆಂಡಿಗಿಂತ ಕಡಿಮೆ ಇದ್ದರೆ ಅದೊಂದು ಜೋಡಿ. ಒಂದು ಜೋಡಿ ಸಿಕ್ಕಿದ ಮೇಲೆ ಒಂದು ಮಿಲಿಸೆಕೆಂಡ್ ಏನನ್ನೂ ಎಣಿಸಬೇಡಿ. ಇಲ್ಲದಿದ್ದರೆ ಒಂದೇ ಮ್ಯೂಆನ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಆ 100 ಮೈಕ್ರೋಸೆಕೆಂಡನ್ನು ನಾನು ಕಿಂಡಿ ಅನ್ನುತ್ತೇನೆ. ಕಿಂಡಿ ಎಷ್ಟು ಅಗಲವೋ ಅಷ್ಟು ಸುಳ್ಳು ಜೋಡಿಗಳು ಒಳಗೆ ನುಗ್ಗುತ್ತವೆ. ಮೇಲಿನ ಕೊಳವೆಗೆ ಗೋಡೆಯ ಗಾಮಾ ಒಂದು, ಕೆಳಗಿನದಕ್ಕೆ ನೆಲದ ಗಾಮಾ ಇನ್ನೊಂದು, ಎರಡೂ ಅಕಸ್ಮಾತ್ ಒಟ್ಟಿಗೆ ಬಂದರೆ ಅದೂ ಜೋಡಿಯಂತೆಯೇ ಕಾಣುತ್ತದೆ. ಇದಕ್ಕೆ ಸುಲಭ ಲೆಕ್ಕ ಇದೆ: 2 × ಕಿಂಡಿ × ಮೊದಲ ಕೊಳವೆಯ ದರ × ಎರಡನೆಯದರ ದರ. ದರವನ್ನು ಸೆಕೆಂಡಿಗೆ ಎಷ್ಟು ಅಂತ ಹಾಕಬೇಕು.

ಪ್ರತಿ ಕೊಳವೆ ನಿಮಿಷಕ್ಕೆ 25 ಅಂದರೆ ಸೆಕೆಂಡಿಗೆ 0.42. ಕಿಂಡಿ 100 ಮೈಕ್ರೋಸೆಕೆಂಡ್ ಇದ್ದರೆ ಸುಳ್ಳು ಜೋಡಿ ದಿನಕ್ಕೆ ಮೂರು. ಚಿಂತೆಯಿಲ್ಲ. ಕಿಂಡಿ 1 ಮಿಲಿಸೆಕೆಂಡ್ ಆದರೆ ದಿನಕ್ಕೆ 30. ಕಿಂಡಿ 10 ಮಿಲಿಸೆಕೆಂಡ್ ಆದರೆ ಗಂಟೆಗೇ ಹನ್ನೆರಡರ ಮೇಲೆ. ನಿಜವಾದ ಮ್ಯೂಆನ್ ಬರುವುದೂ ಗಂಟೆಗೆ ಹದಿನೈದಿಪ್ಪತ್ತೇ. ಅಲ್ಲಿಗೆ ಟೆಲಿಸ್ಕೋಪ್ ಮುಗಿಯಿತು.

10 ಮಿಲಿಸೆಕೆಂಡ್ ಯಾರು ಇಡುತ್ತಾರೆ ಅನ್ನಬೇಡಿ. ಪ್ರೋಗ್ರಾಮಿನ ಮುಖ್ಯ ಸುತ್ತಿನಲ್ಲಿ ಡಿಲೇ ಹಾಕಿ, ಎರಡೂ ಪಿನ್ನುಗಳನ್ನು ಸರದಿಯಂತೆ ಓದುವ ಮಾದರಿಗಳು ಓಡಾಡುತ್ತಿವೆ. ಅವುಗಳಲ್ಲಿ ಕಿಂಡಿ ಎಷ್ಟಿದೆ ಅಂತ ಬರೆದವರಿಗೂ ಗೊತ್ತಿರುವುದಿಲ್ಲ. ಇಂಟರಪ್ಟಿನೊಳಗೆ ಸೀರಿಯಲ್ ಪ್ರಿಂಟ್ ಮಾಡುವುದೂ ಇಂಥದ್ದೇ ತಪ್ಪು. ಒಳಗೆ ಹೊತ್ತು ಬರೆದುಕೊಳ್ಳಿ, ಹೊರಗೆ ಬಂದು ಪ್ರಿಂಟ್ ಮಾಡಿ. ಹಾಗಂತ ಕಿಂಡಿಯನ್ನು ತೀರಾ ಕಿರಿದು ಮಾಡಬೇಡಿ. ಗೈಗರ್ ಕೊಳವೆ ನಿಧಾನದ್ದು, ಬೋರ್ಡಿಗೂ ಕೆಲವು ಮೈಕ್ರೋಸೆಕೆಂಡ್ ಬೇಕು. 20ಕ್ಕಿಂತ ಕೆಳಗೆ ಹೋದರೆ ನಿಜವಾದ ಜೋಡಿಗಳೂ ಕೈತಪ್ಪಬಹುದು.

ಹಂತ 7: ಪಕ್ಕಪಕ್ಕದ ಪರೀಕ್ಷೆ

ಇಡೀ ಲೇಖನದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಈ ಪರೀಕ್ಷೆ ಮಾಡದ ಟೆಲಿಸ್ಕೋಪಿನ ಅಂಕಿಗಳನ್ನು ನಂಬಬೇಡಿ.

ಒಂದು ಕೊಳವೆ ಹೊತ್ತಿಕೊಂಡಾಗ 400 ವೋಲ್ಟಿನ ತಂತಿಯಲ್ಲಿ ಸಣ್ಣ ಜರ್ಕ್ ಆಗುತ್ತದೆ. ಎರಡೂ ಕೊಳವೆಗೆ ವೋಲ್ಟೇಜ್ ಬರುವುದು ಅದೇ ತಂತಿಯಿಂದ. ಹಾಗಾಗಿ ಒಂದರ ಟಿಕ್ ಇನ್ನೊಂದರ ಸರ್ಕೀಟಿಗೆ ಕದ್ದು ಹೋಗಬಹುದು. ಆಗ ಒಂದೇ ಕೊಳವೆ ಕೂಗಿದರೂ ಎರಡೂ ಕೂಗಿದಂತೆ ಕಾಣುತ್ತದೆ. ನನ್ನ ಮೊದಲ ಟೆಲಿಸ್ಕೋಪ್ 10 ಸೆಂ.ಮೀ. ಅಂತರದಲ್ಲಿ ಗಂಟೆಗೆ ನೂರಕ್ಕೂ ಹೆಚ್ಚು ಜೋಡಿ ಕೊಟ್ಟಿತ್ತು. ಎರಡು ದಿನ ಸಂತೋಷಪಟ್ಟಿದ್ದೆ. ಅದರಲ್ಲಿ ಹೆಚ್ಚಿನದೆಲ್ಲ ಇಂಥ ಕಳ್ಳ ಜೋಡಿ.

ಪತ್ತೆ ಹಚ್ಚುವುದು ಸುಲಭ. ಎರಡು ಕೊಳವೆಗಳನ್ನೂ ಚೌಕಟ್ಟಿನಿಂದ ಬಿಚ್ಚಿ, ಮೇಜಿನ ಮೇಲೆ ಒಂದೇ ಮಟ್ಟದಲ್ಲಿ, ಒಂದು ಮೀಟರ್ ದೂರದಲ್ಲಿ ಇಡಿ. ಸರ್ಕೀಟು, ವೋಲ್ಟೇಜ್ ಎಲ್ಲ ಹಾಗೇ ಇರಲಿ. ಮೇಲಿಂದ ಬರುವ ಮ್ಯೂಆನ್ ಈಗ ಎರಡನ್ನೂ ತೂರಲಾರದು. ಇಡೀ ದಿನ ಬಿಡಿ. ದಿನಕ್ಕೆ ಮೂರು, ನಾಲ್ಕು, ಐದು ಜೋಡಿ ಬಂದರೆ ನಿಮ್ಮ ಟೆಲಿಸ್ಕೋಪ್ ಪ್ರಾಮಾಣಿಕ. ಆಗಲೂ ಗಂಟೆಗೆ ಹತ್ತಿಪ್ಪತ್ತು ಬರುತ್ತಿದ್ದರೆ ಅವು ವೈರಿನೊಳಗಿನ ಜೋಡಿ.

ಸರಿಪಡಿಸುವ ಕ್ರಮ ಹೀಗಿರಲಿ. ಎರಡು ಕೊಳವೆಗೂ ಬೇರೆ ಬೇರೆ 4.7 ಮೆಗಾಓಮ್ ಇದೆಯಾ ನೋಡಿ. ಎರಡಕ್ಕೂ ಸೇರಿ ಒಂದೇ ಹಾಕಿದವರು ಬಹಳ. 400 ವೋಲ್ಟಿನ ತಂತಿಯಿಂದ ಗ್ರೌಂಡಿಗೆ, ಪ್ರತಿ ಕೊಳವೆಯ ಹತ್ತಿರ, 1 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ. 5 ವೋಲ್ಟಿಗೂ ಪ್ರತಿ ಟ್ರಾನ್ಸಿಸ್ಟರಿನ ಪಕ್ಕ 100 ನ್ಯಾನೋಫ್ಯಾರಡ್ ಹಾಕಿ. ಎರಡು ಕೊಳವೆಯ ಸಿಗ್ನಲ್ ವೈರುಗಳನ್ನು ಜಡೆಯಂತೆ ಒಟ್ಟಿಗೆ ಕಟ್ಟಬೇಡಿ, ಬೇರೆ ಬೇರೆ ದಾರಿಯಲ್ಲಿ ಒಯ್ಯಿರಿ. ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಸಾಲುಗಳಲ್ಲಿ ಎರಡೂ ಸಿಗ್ನಲ್ ಇದ್ದರೆ ದೂರ ಮಾಡಿ. ಇಷ್ಟಾದರೂ ಹೋಗದಿದ್ದರೆ ಎರಡು ಪ್ರತ್ಯೇಕ ಬೂಸ್ಟರ್ ಮಾಡ್ಯೂಲ್ ಹಾಕುವುದೇ ದಾರಿ. ಒಂದೊಂದೇ ಬದಲಿಸಿ, ಪ್ರತಿ ಸಲವೂ ಪಕ್ಕಪಕ್ಕದ ಪರೀಕ್ಷೆ ಮತ್ತೆ ಮಾಡಿ. ಬೇಸರದ ಕೆಲಸ, ನಿಜ. ಆದರೆ ಬೋಟೆಯವರಿಗೆ 1954ರ ನೊಬೆಲ್ ಬಂದದ್ದು ಈ ಜೋಡಿ ಎಣಿಕೆಯ ವಿಧಾನಕ್ಕೇ. ಇದರ ತಿರುಳು ಇರುವುದು ಸುಳ್ಳನ್ನು ಹೊರಗಿಡುವುದರಲ್ಲಿ.

ಹಂತ 8: ನೆಟ್ಟಗೆ, ಆಮೇಲೆ ಓರೆಗೆ

ಕೊಳವೆಗಳನ್ನು ಮತ್ತೆ ಚೌಕಟ್ಟಿಗೆ ಕಟ್ಟಿ, ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಡಿ. ಗಂಟೆಗೆ 16 ಅಂತಾದರೆ ದಿನಕ್ಕೆ 384. ಈ ಅಂಕಿಯಲ್ಲಿ ಎಷ್ಟು ಅನಿಶ್ಚಿತತೆ ಇದೆ? ಅದರ ವರ್ಗಮೂಲದಷ್ಟು, ಅಂದರೆ ಸುಮಾರು 20. ಹಾಗಾಗಿ ಇವತ್ತು 384, ನಾಳೆ 365 ಬಂದರೆ ಆಕಾಶದಲ್ಲಿ ಏನೂ ಆಗಿಲ್ಲ. ಒಂದು ಗಂಟೆಯಲ್ಲಿ 12, ಮುಂದಿನದರಲ್ಲಿ 21 ಬರುವುದೂ ಸಹಜ. ಗ್ರಹಣದ ಹೊತ್ತಿನಲ್ಲಿ ಎಣಿಕೆ ಏರಿತು, ಅಮಾವಾಸ್ಯೆಗೆ ಇಳಿಯಿತು ಅಂತ ಬರೆದು ಕಳಿಸುವವರಿಗೆ ನನ್ನ ಮೊದಲ ಪ್ರಶ್ನೆ ಇದೇ: ವರ್ಗಮೂಲ ಎಷ್ಟು?

ಈಗ ಓರೆ ಮಾಡಿ. ಕೊಳವೆಗಳು ಉದ್ದವಾಗಿರುವುದರಿಂದ ಉದ್ದದ ಕಡೆಗೆ ನೋಟ ಅಗಲ, ದಪ್ಪದ ಕಡೆಗೆ ನೋಟ ಕಿರಿದು. ಕೊಳವೆಯ ಉದ್ದದ ಅಚ್ಚಿನ ಸುತ್ತ ತಿರುಗಿಸಿದರೆ ಆ ಕಿರಿದಾದ ನೋಟ ಆಕಾಶವನ್ನು ಸವರುತ್ತಾ ಹೋಗುತ್ತದೆ. ಹಂತ 5ರಲ್ಲಿ ಬೋಲ್ಟನ್ನು ಹಾಗೇ ಹಾಕಿ ಅಂದದ್ದು ಇದಕ್ಕೆ. ಮ್ಯೂಆನ್‌ಗಳ ದರ ನೆತ್ತಿಯಿಂದ ಓರೆಯಾದ ಕೋನದ ಕೊಸೈನಿನ ವರ್ಗದಂತೆ ಇಳಿಯುತ್ತದೆ. 45 ಡಿಗ್ರಿಯಲ್ಲಿ ಅರ್ಧ, 60 ಡಿಗ್ರಿಯಲ್ಲಿ ಕಾಲುಭಾಗ. ಓರೆಯಾಗಿ ಬರುವ ಕಣ ಜಾಸ್ತಿ ಗಾಳಿ ದಾಟಬೇಕು. ದಾರಿಯಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, ಕೆಲವು ಅಲ್ಲೇ ಒಡೆದುಹೋಗುತ್ತವೆ. ಮ್ಯೂಆನಿನ ಆಯಸ್ಸು ಸರಾಸರಿ 2.2 ಮೈಕ್ರೋಸೆಕೆಂಡ್ ಮಾತ್ರ.

ಪ್ರತಿ ಕೋನದಲ್ಲೂ ಒಂದೇ ಹೊತ್ತು ಇಡಬೇಡಿ. ಒಂದೇ ಎಣಿಕೆ ಬರುವವರೆಗೆ ಇಡಿ. 400 ಜೋಡಿ ಬೇಕಾದರೆ ನೆಟ್ಟಗೆ 25 ಗಂಟೆ, 45 ಡಿಗ್ರಿಗೆ 50 ಗಂಟೆ, 60 ಡಿಗ್ರಿಗೆ 100 ಗಂಟೆ. ಒಂದು ವಾರ ಹಿಡಿಯುತ್ತದೆ. ಅದರ ಕೊನೆಗೆ ಗ್ರಾಫ್ ಹಾಳೆಯ ಮೇಲೆ ನಿಮ್ಮದೇ ಚುಕ್ಕೆಗಳು ಆ ವಕ್ರರೇಖೆಯ ಮೇಲೆ ಕೂತಾಗ ಆಗುವ ಖುಷಿಯನ್ನು ನೀವೇ ನೋಡಿ.

ಹಂತ 9: ದಿನಗಟ್ಟಲೆ ಓಡಿಸುವುದು

ಲ್ಯಾಪ್‌ಟಾಪ್ ಬೇಡ. ಎಸ್‌ಡಿ ಕಾರ್ಡ್ ಮಾಡ್ಯೂಲ್, ಹೊತ್ತು ಕಾಯುವ ಡಿಎಸ್3231 ಗಡಿಯಾರ ಮಾಡ್ಯೂಲ್ ಸೇರಿಸಿ. ಗಂಟೆಗೊಂದು ಸಾಲು ಬರೆಯಲಿ: ಹೊತ್ತು, ಮೇಲಿನ ಕೊಳವೆಯ ಎಣಿಕೆ, ಕೆಳಗಿನದರ ಎಣಿಕೆ, ಜೋಡಿ. ಒಂಟಿ ಎಣಿಕೆಗಳನ್ನು ಬಿಡಬೇಡಿ. ಜೋಡಿ ತಟ್ಟನೆ ಕಡಿಮೆಯಾದಾಗ ಯಾವ ಕೊಳವೆ ಸೋತಿದೆ ಅಂತ ಹೇಳುವುದು ಅವೇ. ಕರೆಂಟ್ ಹೋಗಿ ಬಂದರೆ ಆ ಗಂಟೆಯನ್ನು ಬಿಟ್ಟುಬಿಡಿ. ಪವರ್ ಬ್ಯಾಂಕ್ ಹಾಕುವವರು ಗಮನಿಸಿ: ಇಷ್ಟು ಕಡಿಮೆ ಕರೆಂಟ್ ಎಳೆದರೆ ಫೋನ್ ತುಂಬಿತು ಅಂದುಕೊಂಡು ಕೆಲವು ಪವರ್ ಬ್ಯಾಂಕುಗಳು ತಾವೇ ಆಫ್ ಆಗುತ್ತವೆ.

ಮುಂದೆ ಏನು ಅಳೆಯಬಹುದು

ಎತ್ತರ: ಮಂಗಳೂರಿನಲ್ಲಿ ಒಂದು ವಾರ, ಚಿಕ್ಕಮಗಳೂರಿನ ಬೆಟ್ಟದ ಮೇಲಿನ ಯಾರದ್ದಾದರೂ ಮನೆಯಲ್ಲಿ ಒಂದು ವಾರ. ಚೌಕಟ್ಟು ಮುಟ್ಟಬೇಡಿ, ವೋಲ್ಟೇಜ್ ಮುಟ್ಟಬೇಡಿ. ಬೆಂಗಳೂರಿಗೆ ಈ ಕೆಲಸದ ಹಳೆಯ ನಂಟಿದೆ. 1940ರ ದಶಕದಲ್ಲಿ ಹೋಮಿ ಭಾಭಾ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣದ ವಿಭಾಗ ನಡೆಸುತ್ತಿದ್ದಾಗ, ಅವರ ತಂಡ ಗೈಗರ್ ಕೊಳವೆಗಳ ಟೆಲಿಸ್ಕೋಪನ್ನು ವಿಮಾನದಲ್ಲಿ ಒಯ್ದು ಈ ಊರಿನ ಮೇಲೆ ಅಳತೆ ಮಾಡಿತ್ತು.

ಆಳ: ಅಪಾರ್ಟ್‌ಮೆಂಟಿನ ಮೇಲಿನ ಮಹಡಿ ಮತ್ತು ನೆಲಮಾಳಿಗೆ. ಹತ್ತು ಹನ್ನೆರಡು ಕಾಂಕ್ರೀಟ್ ಚಾವಣಿಗಳು ತಲೆಯ ಮೇಲಿದ್ದರೆ ವ್ಯತ್ಯಾಸ ಕಾಣುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಇದನ್ನೇ ಕಿಲೋಮೀಟರುಗಟ್ಟಲೆ ಆಳಕ್ಕೆ ಒಯ್ದರು. ಆಳಕ್ಕಿಳಿದಂತೆ ಮೇಲಿನ ಮ್ಯೂಆನ್ ಇಲ್ಲವೆಂಬಷ್ಟು ಕಡಿಮೆಯಾಯಿತು. ಆ ಮೌನದಲ್ಲೇ, 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಸಿಕ್ಕಿತು.

ಪೂರ್ವ ಪಶ್ಚಿಮ: ಕಷ್ಟದ್ದು, ಆದರೆ ದಕ್ಷಿಣ ಭಾರತದವರಿಗೇ ಹೇಳಿ ಮಾಡಿಸಿದ್ದು. ಬಾಹ್ಯಾಕಾಶದಿಂದ ಬರುವ ಕಣಗಳಲ್ಲಿ ಹೆಚ್ಚಿನವು ಧನ ವಿದ್ಯುದಂಶದವು. ಭೂಮಿಯ ಕಾಂತಬಲ ಅವನ್ನು ಬಾಗಿಸುವುದರಿಂದ ಪಶ್ಚಿಮದ ಕಡೆಯಿಂದ ತುಸು ಜಾಸ್ತಿ ಬರುತ್ತವೆ. 1933ರಲ್ಲಿ ಮೆಕ್ಸಿಕೋ ನಗರದಲ್ಲಿ ಇದನ್ನು ಕಂಡುಕೊಂಡದ್ದು ಗೈಗರ್ ಕೊಳವೆಗಳ ಟೆಲಿಸ್ಕೋಪಿನಿಂದಲೇ. ಕಾಂತೀಯ ಸಮಭಾಜಕದ ಹತ್ತಿರ ಈ ಪರಿಣಾಮ ಹೆಚ್ಚು, ನಾವಿರುವುದು ಅಲ್ಲೇ ಹತ್ತಿರ. ಕೊಳವೆಗಳ ಉದ್ದವನ್ನು ಉತ್ತರ ದಕ್ಷಿಣಕ್ಕೆ ಇಟ್ಟು 45 ಡಿಗ್ರಿ ಪಶ್ಚಿಮಕ್ಕೆ ಓರೆ ಮಾಡಿ, ಆಮೇಲೆ ಅಷ್ಟೇ ಪೂರ್ವಕ್ಕೆ. ಅನಿಶ್ಚಿತತೆ ನೂರಕ್ಕೆ ಎರಡಕ್ಕೆ ಇಳಿಯಬೇಕಾದರೆ ಪ್ರತಿ ಕಡೆಗೂ 2,500 ಜೋಡಿ ಬೇಕು. ಗಂಟೆಗೆ 8ರಂತೆ ಒಂದೊಂದು ಕಡೆಗೆ 13 ದಿನ. ಪಶ್ಚಿಮಕ್ಕೆ 13 ದಿನ ಮುಗಿಸಿ ಪೂರ್ವಕ್ಕೆ ತಿರುಗಿಸುವುದು ಸರಿಯಲ್ಲ. ಅಷ್ಟರಲ್ಲಿ ಹವೆ ಬದಲಾಗಿರುತ್ತದೆ, ಕೊಳವೆಯೂ ತುಸು ಬದಲಾಗಿರಬಹುದು. ದಿನ ಬಿಟ್ಟು ದಿನ ದಿಕ್ಕು ಬದಲಿಸಿ. ಒಂದು ಕಡೆ ಎತ್ತರದ ಕಟ್ಟಡ, ಇನ್ನೊಂದು ಕಡೆ ಬಯಲು ಇರುವ ಜಾಗವೂ ಬೇಡ. ತಾರಸಿಯೇ ಒಳ್ಳೆಯದು.

ಗೈಗರ್ ಕೊಳವೆಯ ಮಿತಿ ಸಾಕೆನಿಸಿದ ಮೇಲೆ ಪ್ಲಾಸ್ಟಿಕ್ ಸಿಂಟಿಲೇಟರಿಗೆ ಹೋಗಿ. ಕಣ ಹಾದಾಗ ಬೆಳಕು ಮಿನುಗುವ ಪ್ಲಾಸ್ಟಿಕ್ ಅದು. ಆ ಮಿನುಗನ್ನು ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ಎಂಬ ಸಣ್ಣ ಚಿಪ್ ಓದುತ್ತದೆ. ಅದಕ್ಕೆ 30 ವೋಲ್ಟಿನಷ್ಟು ಸಾಕು, 400ರ ಕಾಟವಿಲ್ಲ. ಅಮೆರಿಕದ ಎಂಐಟಿಯಲ್ಲಿ ಶುರುವಾದ ಕಾಸ್ಮಿಕ್ ವಾಚ್ ಎಂಬ ವಿನ್ಯಾಸ ಇದೇ ಬಗೆಯದ್ದು. ಅದರ ನಕ್ಷೆ, ಪ್ರೋಗ್ರಾಂ ಎಲ್ಲ ಎಲ್ಲರಿಗೂ ಮುಕ್ತವಾಗಿವೆ. ಖರ್ಚು ಜಾಸ್ತಿ, ಚಿಪ್ಪನ್ನು ಹೊರದೇಶದಿಂದ ತರಿಸಬೇಕು, ಒಂದು ಎಳೆ ಬೆಳಕೂ ಒಳಗೆ ಹೋಗದಂತೆ ಸುತ್ತಬೇಕು. ಆಗಲೂ ಮೊದಲ ದಿನ ಮಾಡಬೇಕಾದದ್ದು ಏಳನೇ ಹಂತವೇ: ಎರಡನ್ನೂ ಪಕ್ಕಪಕ್ಕ, ಒಂದು ಮೀಟರ್ ದೂರ ಇಟ್ಟು, ಜೋಡಿ ನಿಲ್ಲುತ್ತದೆಯಾ ನೋಡಿ.